ಮೂಟೆಗೊಂದು ಹಿಡಿ ಭಂಡಾರ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿದೆ. ಸತ್ಯಪ್ಪ ಅಂಥ ಪೂಜಾರಿಯಲ್ಲ. ಅವನ ಕೈ ದೊಡ್ಡದು. ವಾಡಿಯ ಬೀರದೇವರ ಗುಡಿಯಲ್ಲಿ ಯಾರು ಬಂದು ತಲೆ ಬಾಗಿಸಿದರೂ ಸೊಂಟದ ಚೀಲಕ್ಕೆ ಕೈ ಹಾಕಿ, ಅರಿಶಿನದ ಭಂಡಾರ ತೆಗೆದು ಹಣೆತುಂಬ ಬಳಿಯುತ್ತಿದ್ದ. ಬೆರಳಿಗೆ ಉಳಿದದ್ದನ್ನು ಅವರ ಬಾಯಿಗೂ ಹಾಕುತ್ತಿದ್ದ. ಮೇಯಲು ಹೊರಟ ಕುರಿಯ ಬೆನ್ನಿಗೆ ಭಂಡಾರ, ಹೊಸ ಮೋಟರ್‌ಸೈಕಲ್ಲಿನ ಹ್ಯಾಂಡಲಿಗೆ ಭಂಡಾರ, ಗಂಡನ ಮನೆಗೆ ಹೊರಟ ಹುಡುಗಿಯ ಸೆರಗಿಗೆ ಭಂಡಾರ. ಅವನ ಹೊಸ್ತಿಲು ದಾಟಿದ್ದು ಯಾವುದೂ ಹಳದಿಯಾಗದೆ ದಾಟಿದ್ದಿಲ್ಲ.

ಗಡಹಿಂಗ್ಲಜದಿಂದ ಪಡುವಣಕ್ಕೆ ಹೋದರೆ ಕಬ್ಬಿನ ಹೊಲ ಮುಗಿದು ಗುಡ್ಡ ಶುರುವಾಗುವಲ್ಲಿ ಪುಟ್ಟ ಹಳ್ಳಿಯಂಥ ಆ ವಾಡಿ ಇದೆ. ಅದರ ಬೆನ್ನಿಗೇ ದಟ್ಟ ಕಾಡು. ಸತ್ಯಪ್ಪನ ಹಿರಿಯರು ಕರ್ನಾಟಕದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರು, ನೀರು ಮೇವು ಕಂಡು ಇಲ್ಲೇ ನಿಂತರು. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದರೆ ಮರಾಠಿ. ಈಗ ಕುರಿಗಳೂ ಕಡಿಮೆಯಾಗಿವೆ. ಮಗ ಅವಧೂತ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ಖೋಲಿ ಹಿಡಿದಿದ್ದ, ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಹೀಗಾಗಿ ಮನೆ ನಡೆಸುವವರು ಸತ್ಯಪ್ಪನ ಹೆಂಡತಿ ನಾಗೂಬಾಯಿ ಮತ್ತು ಸೊಸೆ ಮಂಗಲ. ಇಬ್ಬರೂ ಗಟ್ಟಿಗಿತ್ತಿಯರು, ಒಲೆ ಮಾತ್ರ ಒಂದೇ ಇತ್ತು.

ಮಂಗಲ ಇಚಲಕರಂಜಿಯವಳು. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಬೆಳೆದವಳಾದ್ದರಿಂದ ಮಾತು ಸ್ವಲ್ಪ ಜೋರು. ಗೋಕುಳ ಶಿರಗಾಂವದ ಒಂದು ಹೊಸ ಕಂಪನಿಯವರು ವಾಡಿಗೆ ಬಂದಾಗ ಅವರೆದುರು ಬಾಯಿ ತೆರೆದವಳು ಅವಳೊಬ್ಬಳೇ. ಕಂಪನಿಯ ವಿಕಾಸ ಎಂಬವನು ಗುಡಿಯ ಕಟ್ಟೆಯ ಮೇಲೆ ಕುಳಿತು ಹೇಳಿದ್ದು ಇಷ್ಟು: ಕಾಡು ಕಡಿಯಬೇಡಿ, ಟೊಂಗೆ ಮುರಿಯಬೇಡಿ. ಅಳಲೆಕಾಯಿ, ನೀವು ಹಿರಡಾ ಅನ್ನುತ್ತೀರಲ್ಲ, ಅದನ್ನು ಆರಿಸಿ ಒಣಗಿಸಿ ಕೊಡಿ. ನಾವು ಅದರಿಂದ ಬಣ್ಣದ ಸಾರ ತೆಗೆಯುತ್ತೇವೆ. ಆ ಬಣ್ಣದಲ್ಲಿ ಇಚಲಕರಂಜಿಯವರು ಎಳೆಕೂಸುಗಳ ಬಟ್ಟೆ ಅದ್ದಿ ಹೊರದೇಶಕ್ಕೆ ಕಳಿಸುತ್ತಾರೆ. ಕಾಡೂ ಉಳಿಯುತ್ತದೆ, ಕಾಡಿನವರೂ ಉಣ್ಣುತ್ತಾರೆ, ನಾವೂ ಬದುಕುತ್ತೇವೆ. ಒಂದೇ ಕರಾರು. ಕೂಸಿನ ಮೈಗೆ ತಾಗುವ ಬಟ್ಟೆಯಾದ್ದರಿಂದ ಪ್ರತಿ ಲಾಟೂ ಕೊಲ್ಹಾಪುರದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುತ್ತದೆ, ಹಿರಡಾದಲ್ಲಿ ಬೇರೆ ಏನೂ ಕೂಡಿರಬಾರದು.

ಹಿಂದೆ ಬರುತ್ತಿದ್ದ ವ್ಯಾಪಾರಿ ತಕ್ಕಡಿಗೆ ಕಲ್ಲು ಕಟ್ಟಿ ತೂಗುತ್ತಿದ್ದ. ಈ ಕಂಪನಿ ಹಾಗೆ ಮಾಡಲಿಲ್ಲ. ಹೆಂಗಸರೆಲ್ಲ ಸೇರಿ ಮಂಗಲಳನ್ನೇ ಮುಂದೆ ಮಾಡಿದರು, ಅವಳ ಅಂಗಳವೇ ಒಣಗಿಸುವ ಕಣವಾಯಿತು. ಮೊದಲ ವರ್ಷದ ಲಾಟು ಪರೀಕ್ಷೆಯಲ್ಲಿ ಪಾಸಾಗಿ, ದುಡ್ಡೂ ಹೊತ್ತಿಗೆ ಸರಿಯಾಗಿ ಬಂತು. ಕೆಳಗಿನ ಓಣಿಯ ಮನಿಷಾ ಗ್ಯಾಸ್ ಒಲೆ ತಂದಳು. ಮಂಗಲ ಏನೂ ತರಲಿಲ್ಲ. ಆ ವರ್ಷದ ದುಡ್ಡೆಲ್ಲ ಮನೆಯ ಹಂಚು ಹೊದಿಸುವುದಕ್ಕೇ ಹೋಯಿತು. ಎರಡನೆಯ ವರ್ಷದ ದುಡ್ಡು ಮಾತ್ರ ಯಾರೂ ಮುಟ್ಟಬಾರದೆಂದು ಅವಳು ಮೊದಲೇ ಸಾರಿದ್ದಳು. ಅದು ವೃಷಾಲಿಯ ಪಾಲಿನದು.

ವೃಷಾಲಿ ಅವಳ ಮಗಳು, ಇನ್ನೂ ಅಂಗನವಾಡಿಗೂ ಹೋಗದ ಕೂಸು. ಹೋದ ವರ್ಷ ಆ ಕೂಸಿನ ಬಾಯಿ ನಿಲ್ಲುತ್ತಿರಲಿಲ್ಲ. ಕುರಿಗಳನ್ನೆಲ್ಲ ಹೆಸರಿಟ್ಟು ಕರೆಯುತ್ತಿತ್ತು, ತಪ್ಪು ಹೆಸರಿಗೆ ಬಂದ ಕುರಿಯನ್ನು ಬೈದು ಹಿಂದಕ್ಕೆ ಕಳಿಸುತ್ತಿತ್ತು. ಮಳೆಗಾಲ ಹಿಡಿದಾಗಿನಿಂದ ಹೊಟ್ಟೆನೋವು ಶುರುವಾಯಿತು. ನಡುವನ್ನು ಮಡಚಿಕೊಂಡು ಅಳುವುದು, ಉಂಡದ್ದು ಮೈಗೆ ಹತ್ತದಿರುವುದು, ಮುಖ ಬಿಳಚಿಕೊಳ್ಳುವುದು. ಊರ ಡಾಕ್ಟರು ಜಂತುಹುಳಕ್ಕೆ ಔಷಧಿ ಕೊಟ್ಟ. ಹುಳ ಬೀಳಲಿಲ್ಲ, ನೋವೂ ಹೋಗಲಿಲ್ಲ. ಬರಬರುತ್ತ ಕೂಸು ಕಲಿತ ಮಾತುಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟಿತು.

ಒಂದು ಭಾನುವಾರ ಅವಧೂತ ಮನೆಯಲ್ಲಿದ್ದ. ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಬಡಿಸಿ ಮಂಗಲ ಮಾತು ತೆಗೆದಳು. ಲಾಟು ಹೋದ ಕೂಡಲೇ ಕೂಸನ್ನು ಕೊಲ್ಹಾಪುರದ ದೊಡ್ಡ ಡಾಕ್ಟರಿಗೆ ತೋರಿಸಬೇಕು, ನೀವು ಫೌಂಡ್ರಿಗೆ ರಜೆ ಹಾಕಬೇಕು ಎಂದಳು. ಅವಧೂತ ಬಾಯಲ್ಲಿ ತುತ್ತಿಟ್ಟುಕೊಂಡೇ ತಲೆಯಾಡಿಸಿದ. ಸತ್ಯಪ್ಪ ಮಾತ್ರ ತಾಟಿನಿಂದ ಕೈ ಎತ್ತಿದ.

"ಹತ್ತೂರಿನ ಕೂಸುಗೋಳು ನನ್ನ ಭಂಡಾರದಾಗ ಬೆಳದಾವವಾ. ದಿನಾ ಮುಂಜಾನೆ ನಾ ಇದಕ ಹಾಕಾಕತ್ತೇನಿ. ದೇವರ ಮ್ಯಾಲ ಇಷ್ಟರ ಭರೋಸಾ ಇಡು."

"ಬೆಳೀಲಿ ಮಾವಾರ. ನನ್ನ ಕೂಸು ಯಾಕ ಬೆಳೀವಲ್ದು?"

ನಾಗೂಬಾಯಿ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು. "ತಾಯಿ ಮುಂಜಾನೆದ್ದು ಗುಡ್ಡ ಹತ್ತಿದ್ರ ಹೊತ್ತ ಮುಣಗಿದ ಮ್ಯಾಲ ಬರ್ತಾಳ. ಹೊತ್ತಿಗೆ ಸರಿ ಉಣಸವ್ರಿಲ್ಲ. ಹೊಟ್ಟಿ ನೋವ ಬರಲಾರದ ಇನ್ನೇನ ಬರತೈತಿ?"

ಮಾತು ಅಲ್ಲಿಂದ ಹಿರಡಾಕ್ಕೆ, ಹಿರಡಾದಿಂದ ನೀರು ತರುವುದಕ್ಕೆ, ನೀರಿನಿಂದ ಮೂಲೆಯಲ್ಲಿ ಬೋರಲು ಬಿದ್ದ ಒರಳಿಗೆ ಹೋಯಿತು. ಕೆಲಸಗಳ್ಳಿಯ ಮನೆಯ ಒರಳಿಗೆ ಜೇಡ ಬಲೆ ಕಟ್ಟುತ್ತದಂತೆ. ಮಂಗಲ ಕೆಲಸಗಳ್ಳಿಯಲ್ಲ, ಅದು ಅತ್ತೆಗೂ ಗೊತ್ತಿತ್ತು. ಆದರೂ ಜಗಳ ಜಗಳವೇ. ಅವಧೂತ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ. ಕೂಸಿನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿದಿತ್ತು.

ದೀಪಾವಳಿಗೆ ಮಂಗಲ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು. ತಾಯಿ ಮಲಕವ್ವ ಬಾಗಿಲಲ್ಲೇ ಮೊಮ್ಮಗಳನ್ನು ಎತ್ತಿಕೊಂಡು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ಹೇಳಿದಳು.

"ಮಂಗಲಾ, ಹ್ವಾದ ಸಲ ಬಂದಾಗ ಇದು ಮಗ್ಗದ ಸಪ್ಪಳಾ ಮಾಡಿ ತೋರಸ್ತಿತ್ತು. ಈಗ ಆಯಿ ಅನ್ನಾಕೂ ಬಾಯಿ ತಗೀವಲ್ದು. ಏನಾಗೇತಿ ಇದಕ?"

ಮಂಗಲಳ ತಮ್ಮ ಅಪ್ಪು ಮಗ್ಗದ ಶೆಡ್ಡಿನಿಂದ ಬಂದವನು ಅಕ್ಕನ ಮನಸ್ಸು ಹಗುರಾಗಲೆಂದು ಒಂದು ಬಟ್ಟೆಯ ತುಂಡು ತಂದು ಮಡಿಲಿಗೆ ಹಾಕಿದ. ಅವನ ಶೆಡ್ಡಿನಲ್ಲೇ ನೇಯ್ದದ್ದು, ಹಿರಡಾದ ಬಣ್ಣದಲ್ಲೇ ಅದ್ದಿದ್ದು, ಮಾಸಲು ಹಳದಿ, ಬೆಣ್ಣೆಯಷ್ಟು ಮೆತ್ತಗೆ. ಅಕ್ಕ ಆರಿಸಿದ್ದನ್ನು ತಮ್ಮ ನೇಯ್ದು ಯಾವುದೋ ದೇಶದ ಕೂಸು ತೊಟ್ಟುಕೊಳ್ಳುತ್ತದಲ್ಲ ಎಂದು ಅವನು ನಕ್ಕ. ಮಂಗಲ ಆ ತುಂಡನ್ನು ವೃಷಾಲಿಯ ಹೆಗಲಿಗೆ ಹಿಡಿದು ನೋಡಿದಳು. ಇಷ್ಟರಲ್ಲಿ ಒಂದು ಅಂಗಿಯಾಗುತ್ತದೆ ಎಂದುಕೊಂಡಳು.

ಹಬ್ಬ ಮುಗಿದರೂ ಮಲಕವ್ವ ಮಗಳನ್ನು ಬೇಗ ಕಳಿಸಲಿಲ್ಲ. ಅಲ್ಲಿರುವಷ್ಟು ದಿನ ಕೂಸಿಗೆ ನೋವು ಕಡಿಮೆಯಾಯಿತು. ಚಕ್ಕುಲಿ ಕಡಿಯಿತು, ಒಂದು ಮಧ್ಯಾಹ್ನ ಮಗ್ಗದ ಸದ್ದಿಗೆ ತಲೆಯನ್ನೂ ಆಡಿಸಿತು. ತವರಿನ ನೀರು ಒಗ್ಗಿತು ಎಂದಳು ಮಲಕವ್ವ. ವಾಡಿಗೆ ಮರಳಿದ ಮೇಲೆ ನೋವು ಮತ್ತೆ ಬಂತು. ಸತ್ಯಪ್ಪ ಅದಕ್ಕೆ ಬೇರೆ ಅರ್ಥ ಹೇಳಿದ. ದೇವರ ಕೂಸನ್ನು ದೇವರಿಂದ ದೂರ ಇಟ್ಟುಕೊಂಡಿರಿ, ಅವನಿಗೆ ಸಿಟ್ಟು ಬಂದಿದೆ. ಅಂದಿನಿಂದ ಮುಂಜಾನೆ ಒಂದು ಚಿಟಿಕೆ ಹಾಕುತ್ತಿದ್ದವನು ಸಂಜೆಗೂ ಒಂದು ಚಿಟಿಕೆ ಹಾಕತೊಡಗಿದ. ಮೊಮ್ಮಗಳ ಮೇಲೆ ಅವನಿಗೆ ಜೀವ. ಅದರಲ್ಲಿ ಸುಳ್ಳಿರಲಿಲ್ಲ.

ಹಿರಡಾ ಒಣಗಿತು. ಹೆಂಗಸರೆಲ್ಲ ತಮ್ಮ ತಮ್ಮ ಮೂಟೆ ತಂದು ಮಂಗಲಳ ಅಂಗಳದಲ್ಲಿ ನಿಲ್ಲಿಸಿದರು. ಕಂಪನಿಯ ಟೆಂಪೋ ಬರುವ ಮುಂಜಾನೆ ಸತ್ಯಪ್ಪ ಮಿಂದು, ಕಂಬಳಿ ಹೊದ್ದು, ಸೊಂಟದ ಚೀಲ ತುಂಬಿಸಿಕೊಂಡು ಬಂದ. ಮೂಟೆಯ ಬಾಯಿ ಹೊಲಿಯುವ ಮೊದಲು ಒಂದೊಂದಕ್ಕೂ ಹಿಡಿ ಭಂಡಾರ ಹಾಕಿದ. ಹೊರಗೆ ಹೋಗುವ ವಸ್ತು, ಬರಿಗೈಲಿ ಕಳಿಸಲು ಬರುತ್ತದೆಯೇ? ಮನಿಷಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಕಾಕಾ, ನನ್ನ ಚೀಲಕ್ಕ ಇನ್ನೊಂದಿಷ್ಟ ಹಾಕ್ರಿ. ಹ್ವಾದ ವರ್ಷ ನಂದು ತೂಕಕ್ಕ ಕಮ್ಮಿ ಬಂದಿತ್ತು."

ಸತ್ಯಪ್ಪ ನಕ್ಕು ಎರಡು ಕೈಯಿಂದಲೂ ಹಾಕಿದ. ಒಬ್ಬಳಿಗೆ ಹಾಕಿದ ಮೇಲೆ ಉಳಿದವರು ಬಿಟ್ಟಾರೆಯೇ, ಎಲ್ಲರ ಮೂಟೆಗೂ ಎರಡೆರಡು ಹಿಡಿ ಬಿತ್ತು. ಒಣಗಿದ ಹಿರಡಾವೂ ಹಳದಿಗೆ ತಿರುಗಿದ ಬಣ್ಣದ್ದೇ, ಅದರಲ್ಲಿ ಇದು ಎಲ್ಲಿ ಕಾಣಬೇಕು. ಟೆಂಪೋ ಹೊರಟಾಗ "ಬಿರೋಬಾಚ್ಯಾ ನಾವಾನಂ ಚಾಂಗಭಲಂ" ಎಂದು ವಾಡಿಯೆಲ್ಲ ಬೀರದೇವರಿಗೆ ಜಯಕಾರ ಕೂಗಿತು. ಮಂಗಲಳೂ ಕೂಗಿದಳು. ಅವಳ ಕಣ್ಣ ಮುಂದೆ ಕೊಲ್ಹಾಪುರದ ಡಾಕ್ಟರಿದ್ದರು.

ವಿಕಾಸನ ಫೋನು ಬಂದಾಗ ಅವಳು ಬಟ್ಟೆ ಒಗೆಯುತ್ತಿದ್ದಳು. ಲಾಟು ಪೂರ್ತಿ ಫೇಲಾಗಿದೆ, ಹಿರಡಾದಲ್ಲಿ ಸೀಸ ಸಿಕ್ಕಿದೆ, ಸೀಸ ಎಂದರೆ ವಿಷ, ಎಳೆಕೂಸಿಗಂತೂ ಘೋರ ವಿಷ ಎಂದ. ಯಾರೋ ಬಣ್ಣ ಬರಲೆಂದು ಏನನ್ನೋ ಕೂಡಿಸಿದ್ದೀರಿ ಎಂದ. ದನಿ ಏರಿಸಲಿಲ್ಲ. ಪ್ರಯೋಗಾಲಯದಿಂದ ನೂತನ ಎಂಬ ಹುಡುಗಿ ಬರುತ್ತಾಳೆ, ಅವಳಿಗೆ ನಿಜ ಹೇಳಿ ಎಂದು ಇಟ್ಟುಬಿಟ್ಟ.

ಮಂಗಲ ಒದ್ದೆ ಕೈಯಲ್ಲೇ ಮನಿಷಾಳ ಮನೆಗೆ ಹೋದಳು. ತೂಕಕ್ಕೆ ಆಸೆಬಿದ್ದು ನೀನೇ ಏನೋ ಕಲಸಿದ್ದೀ ಎಂದು ಓಣಿಯೆಲ್ಲ ಕೇಳುವಂತೆ ಕೂಗಿದಳು. ಮಗ್ಗದೂರಿನ ದನಿ, ವಾಡಿಗೆ ವಾಡಿಯೇ ಹೊರಗೆ ಬಂತು. ಮನಿಷಾ ತನ್ನ ಮಗನ ತಲೆ ಮುಟ್ಟಿ ಆಣೆ ಮಾಡಿದಳು. ಮಂಗಲ ನಂಬಲಿಲ್ಲ. ಆಡಿದ ಮಾತು, ಒಡೆದ ಮುತ್ತು. ಆವತ್ತು ಅವಳು ಆಡಿದ್ದು ಆಮೇಲೆ ಅವಳಿಗೇ ಮುಳುವಾಯಿತು.

ನೂತನ ನಿಪ್ಪಾಣಿ ಕಡೆಯ ತಾಯಿಯ ಮಗಳು, ಮುರುಕು ಕನ್ನಡ ಬರುತ್ತಿತ್ತು. ಮನೆಮನೆಗೂ ಹೋಗಿ ಉಳಿದ ಕಾಯಿ, ಅಂಗಳದ ಮಣ್ಣು, ಒಣಗಿಸಿದ ತಾಡಪತ್ರಿಯ ಧೂಳು ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಕೊಂಡಳು. ಎಲ್ಲರನ್ನೂ ಒಂದೇ ಮಾತು ಕೇಳಿದಳು: "ಖರೆ ಹೇಳ್ರಿ ವಹಿನಿ, ಹಿರಡಾದಾಗ ಏನರೆ ಕೂಡಸೀರೇನು?" ಎಲ್ಲರೂ ಏನೂ ಇಲ್ಲ ಎಂದರು. ಒಬ್ಬಳೂ ಸುಳ್ಳು ಹೇಳಲಿಲ್ಲ. ಭಂಡಾರ ಹಾಕಿದ್ದನ್ನು ಕೂಡಿಸಿದ್ದು ಎಂದು ಆ ವಾಡಿಯಲ್ಲಿ ಯಾರಿಗೂ ಹೊಳೆಯುವುದು ಸಾಧ್ಯವಿರಲಿಲ್ಲ. ಗುಡಿಗೆ ಹೋಗುವಾಗ ಚಪ್ಪಲಿ ಬಿಟ್ಟೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ.

ಮಧ್ಯಾಹ್ನ ಮಂಗಲಳ ಮನೆಯಲ್ಲೇ ನೂತನ ಅನ್ನ, ಹುರುಳಿ ಕಟ್ಟಿನ ಸಾರು ಉಂಡಳು. ಹೊರಡಲು ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲ ಹತ್ತಿರ ಬಂದಾಗ ಸತ್ಯಪ್ಪ ಅವಳನ್ನು ತಡೆದ. ಸೊಂಟದ ಚೀಲದಿಂದ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿ, ಪೊಟ್ಟಣಗಳಿದ್ದ ಪೆಟ್ಟಿಗೆಯ ಮೇಲೂ ಒಂದು ಹಿಡಿ ಹಾಕಿದ. ನೂತನ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಆಜೋಬಾ, ಹಿರಡಾದ ಚೀಲದ ಮ್ಯಾಲೂ ಹಿಂಗ ಹಾಕಿದ್ರೇನು?"

"ಹಾಕಲಾರದ ಕಳಸ್ತೀವೇನವಾ."

ಅವಳು ಹಣೆಯ ಪುಡಿಯನ್ನು ಬೆರಳಿಗೆ ತೆಗೆದು ಬೆಳಕಿಗೆ ಹಿಡಿದಳು. ಅಷ್ಟರಲ್ಲಿ ವೃಷಾಲಿ ಬಂದು ಅಜ್ಜನ ಮುಂದೆ ನಿಂತಳು. ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ನಾಲಿಗೆ ಚಾಚಿದಳು. ಸತ್ಯಪ್ಪ ರೂಢಿಯಂತೆ ಅದರ ಮೇಲೊಂದು ಚಿಟಿಕೆ ಇಟ್ಟ. ಕೂಸು ಚಪ್ಪರಿಸಿ ನುಂಗಿತು. ನೂತನ ಮರಾಠಿಯಲ್ಲಿ ಏನೋ ಅಂದು, ಕೂಸಿನ ಕೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ದಿನಾ ಕೊಡುತ್ತೀರಾ ಎಂದು ಕೇಳಿದಳು. ತುಟಿ ಸರಿಸಿ ಒಸಡು ನೋಡಿದಳು. ಹಲ್ಲಿನ ಬುಡದಲ್ಲಿ ನೀಲಿ ಗೆರೆಯಿತ್ತು. ಆ ಗೆರೆಯನ್ನು ಮಂಗಲ ದಿನವೂ ನೋಡಿದ್ದಳು, ಮಳೆಗಾಲದಲ್ಲಿ ನೇರಳೆ ತಿಂದ ಕರೆ ಇನ್ನೂ ಉಳಿದಿದೆ ಎಂದುಕೊಂಡಿದ್ದಳು.

ಮುಂದಿನ ವಾರ ಎಲ್ಲ ಖಾತ್ರಿಯಾಯಿತು. ಪುಡಿಯಲ್ಲಿ ಅರಿಶಿನ ಹೆಸರಿಗಷ್ಟೇ ಇತ್ತು. ಹೊಳಪು ಬರಲೆಂದು ಸೀಸದ ಬಣ್ಣ ಬೆರೆಸಿದ ಮಾಲು ಅದು. ಸುದ್ದಿ ಕೇಳಿ ಅವಧೂತ ಫೌಂಡ್ರಿಯಿಂದ ಅರ್ಧ ಪಾಳಿ ಬಿಟ್ಟು ಬಂದ. ಆ ಸಂಜೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸತ್ಯಪ್ಪ ಮಾತ್ರ ಒಪ್ಪಲಿಲ್ಲ.

"ಹ್ವಾದ ವರ್ಷನೂ ಮೂಟೆಗೆ ಭಂಡಾರ ಹಾಕಿದ್ನಿ. ಆ ಲಾಟ ಪಾಸಾತಲ್ಲ. ಆವಾಗ ಎಲ್ಲಿ ಹೋಗಿತ್ತು ಈ ಸೀಸ?"

ಉತ್ತರ ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಹೋದ ವರ್ಷದವರೆಗೆ ಆ ಮನೆಯ ಭಂಡಾರ ಆ ಮನೆಯ ಒರಳಿನದು. ನಾಗೂಬಾಯಿ ಅರಿಶಿನದ ಕೊಂಬು ಬೇಯಿಸಿ, ಒಣಗಿಸಿ, ಕುಟ್ಟಿ, ವಸ್ತ್ರಗಾಳಿಸುತ್ತಿದ್ದಳು. ಅವಳ ಕೀಲು ಹಿಡಿದುಕೊಂಡ ಮೇಲೆ ಆ ಕೆಲಸ ಸೊಸೆಗೆ ಬಂತು. ಸೊಸೆ ಅಷ್ಟರಲ್ಲಿ ಹಿರಡಾದ ಕೆಲಸ ಹಿಡಿದಿದ್ದಳು. ನಾಗೂಬಾಯಿ ಮಾತನ್ನು ನುಂಗಿಕೊಳ್ಳಲು ನೋಡಿದಳು, ಆಗಲಿಲ್ಲ.

"ಒರಳಿನ ಮುಂದ ಕುಂಡ್ರಾಕ ಯಾರಿಗೆ ಪುರುಸೊತ್ತ ಇರಲಿಲ್ಲ? ಪ್ಯಾಟ್ಯಾಗಿಂದ ತರ್ರಿ ಅಂದವ್ರು ಯಾರು?"

"ನಾನ ಅಂದ್ನಿರಿ ಅತ್ತಿ," ಎಂದಳು ಮಂಗಲ. ಆ ಜೋರು ದನಿ ಎಲ್ಲಿ ಹೋಗಿತ್ತೋ.

ಅವಧೂತ ಗೋಡೆಗೆ ಒರಗಿ ಕುಳಿತಿದ್ದ. "ತಂದಾಂವ ನಾನು," ಎಂದ. "ಸಂತ್ಯಾಗ ಎರಡ ರಾಶಿ ಹಾಕಿದ್ದ. ಒಂದು ಮಾಸಲ ಇತ್ತು, ಒಂದು ಭಾಳ ಹೊಳಿತಿತ್ತು. ದೇವರಿಗಂತ ಚಲೋದ ಆರಿಸಿದ್ನಿ."

ಸತ್ಯಪ್ಪ ಎದ್ದು ಹೊರಗೆ ಹೋದ. ಕುರಿಗಳ ನಡುವೆ ಕುಳಿತುಕೊಂಡ. ತಂದವನು ಒಬ್ಬ, ತರಿಸಿದವಳು ಒಬ್ಬಳು. ಆದರೆ ಚಿಟಿಕೆ ಚಿಟಿಕೆಯಾಗಿ ನಾಲಿಗೆಗೆ ಇಟ್ಟ ಬೆರಳು ಯಾರದು? ಅದನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ.

ಕೊಲ್ಹಾಪುರದ ಡಾಕ್ಟರನ್ನು ಅವರು ಕಂಡದ್ದು ಹಿರಡಾದ ದುಡ್ಡಿನಿಂದಲ್ಲ. ಆ ದುಡ್ಡು ಬರಲೇ ಇಲ್ಲ. ನಾಗೂಬಾಯಿ ತಾನೇ ಸಾಕಿದ ಕುರಿಗಳನ್ನು ಆರಿಸಿ ಮಾರಿದಳು, ಚೌಕಾಶಿ ಕೂಡ ಮಾಡಲಿಲ್ಲ. ಕೂಸನ್ನು ಆಸ್ಪತ್ರೆಯಲ್ಲಿ ಮಲಗಿಸಿ ಔಷಧಿ ಹಾಕಿದರು. ಮಂಗಲ ಹಾಸಿಗೆಯ ಕೆಳಗೇ ಮಲಗಿದಳು. ಅಪ್ಪು ಇಚಲಕರಂಜಿಯಿಂದ ಬುತ್ತಿ ತಂದುಕೊಡುತ್ತಿದ್ದ. ಹೊರದೇಶದವರು ಬೇಡವೆಂದದ್ದರಿಂದ ಕೂಸಿನ ಬಟ್ಟೆಯ ಕೆಲಸ ನಿಂತಿದೆ, ಶೆಡ್ಡಿನಲ್ಲಿ ಮತ್ತೆ ಹಳೆಯ ಬಿಳಿ ಬಟ್ಟೆಯನ್ನೇ ನೇಯುತ್ತಿದ್ದೇವೆ ಎಂದು ಕೇಳಿದ್ದಕ್ಕಷ್ಟೇ ಹೇಳಿದ. ಡಾಕ್ಟರು ಒಳ್ಳೆಯವಳು, ಸುಳ್ಳು ಸಮಾಧಾನ ಹೇಳಲಿಲ್ಲ. ಹೊಟ್ಟೆನೋವು ಹೋಗುತ್ತದೆ, ರಕ್ತವೂ ಮೆಲ್ಲಗೆ ತಿಳಿಯಾಗುತ್ತದೆ, ಆದರೆ ತಲೆಗೆ ಆದ ಪೆಟ್ಟು ವಾಸಿಯಾದೀತು ಎಂದು ನಾನು ಹೇಳಲಾರೆ ಎಂದಳು. ಹೋದ ಮಾತು ಬರುತ್ತದೋ ಇಲ್ಲವೋ ಎಂದು ಅವಧೂತ ಮತ್ತೆ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು.

ಊರಿಗೆ ಬಂದ ಮರುದಿನವೇ ಮಂಗಲ ಮನೆಮನೆಗೆ ಹೋದಳು. ಸಂತೆಯ ಭಂಡಾರವನ್ನು ಕೂಸುಗಳ ಬಾಯಿಗೆ ಹಾಕಬೇಡಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಕೈಮುಗಿದಳು. ಬಾಗಿಲುಗಳು ಅರ್ಧ ತೆರೆದು ಮುಚ್ಚಿಕೊಂಡವು. ಒಂದು ಸುಗ್ಗಿಯ ದುಡಿಮೆಯೆಲ್ಲ ಗೋದಾಮಿನಲ್ಲಿ ಬಿದ್ದಿತ್ತು. ಅದನ್ನು ಸುಡುವಂತಿಲ್ಲ, ಚೆಲ್ಲುವಂತಿಲ್ಲ, ಮರಳಿ ಕೊಡುವಂತೆಯೂ ಇಲ್ಲ ಎಂದು ಕಂಪನಿ ಹೇಳಿತ್ತು. ಬರುವ ವರ್ಷದ ಮಾತನ್ನು ವಿಕಾಸ ಎತ್ತಲೇ ಇಲ್ಲ. ಮನಿಷಾ ಮಾತ್ರ ಬಾಗಿಲನ್ನು ಪೂರ್ತಿ ತೆರೆದಳು. ಅವಳ ಮಗ ಅವಳ ಹಿಂದೆ ನಿಂತಿದ್ದ, ಹಣೆಯ ಮೇಲೆ ಹೊಸ ಭಂಡಾರವಿತ್ತು.

"ಮದ್ಲ ನಾ ಕಲಸೇನಿ ಅಂದಿ. ಈಗ ದೇವರ ಕಲಸ್ಯಾನ ಅನ್ನಾಕತ್ತಿ. ನನ್ನ ಮಗಾನೂ ನಿಮ್ಮ ಮಾವನ ಕೈಯಾಗ ತಿಂದಾನ, ಆರಾಮ ಅದಾನ. ನಿನ್ನ ಮನಿ ಪಾಪ ದೇವರ ಮ್ಯಾಲ ಹಾಕಬ್ಯಾಡ, ಹೋಗು."

ಮಂಗಲ ಹುಡುಗನ ಒಸಡು ನೋಡಬೇಕೆಂದು ಬಗ್ಗಿದಳು. ಮನಿಷಾ ಬಾಗಿಲು ಹಾಕಿಕೊಂಡಳು.

ಭಾನುವಾರ ಬೀರದೇವರ ವಾರ. ಗುಡಿಯ ಮುಂದೆ ಜನ ಸೇರಿತ್ತು. ಸತ್ಯಪ್ಪ ದೀಪ ಹಚ್ಚಿದ, ಗಂಟೆ ಬಾರಿಸಿದ, ಜನರ ಕಡೆ ತಿರುಗಿ ಬರಿಗೈ ಜೋಡಿಸಿದ. ಮನೆಯ ಒರಳಿನಲ್ಲಿ ಕುಟ್ಟುವ ತನಕ ಭಂಡಾರವಿಲ್ಲ, ಪೇಟೆಯದು ವಿಷ, ನನ್ನ ಮೊಮ್ಮಗಳನ್ನು ನಾನೇ ಕೆಡಿಸಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆ ಮುದುಕನ ಜೀವಮಾನದಲ್ಲಿ ಅದು ಎಲ್ಲಕ್ಕಿಂತ ಕಷ್ಟದ ಮಾತು. ಜನ ಮುಖ ಮುಖ ನೋಡಿಕೊಂಡರು. ಸೊಸೆ ಕಲಿಸಿ ಕಳಿಸಿದ್ದಾಳೆ ಎಂದ ಒಬ್ಬ. ಮುದುಕನಿಗೆ ಅರಳುಮರಳು ಎಂದ ಇನ್ನೊಬ್ಬ. ಸತ್ಯಪ್ಪನ ಅಣ್ಣನ ಮಗ ಗುಂಡು ಎದ್ದು ಬಂದು, ತುಂಬ ಮರ್ಯಾದೆಯಿಂದ ಚಿಕ್ಕಪ್ಪನ ಕಾಲು ಮುಟ್ಟಿ, ಅವನನ್ನು ಪಕ್ಕಕ್ಕೆ ಸರಿಸಿದ. ಅವನ ಕೈಯಲ್ಲಿ ಸಂತೆಯಿಂದ ತಂದ ಹೊಸ ಚೀಲವಿತ್ತು. ಸಾಲು ಮುಂದೆ ಸರಿಯಿತು, ತಾಯಂದಿರು ಕೂಸುಗಳ ಬಾಯಿ ತೆರೆಸಿದರು. ಸತ್ಯಪ್ಪ ಮನೆಗೆ ಬಂದು ನೀರು ಕೂಡ ಕೇಳದೆ ಮಲಗಿದ.

ಮನೆಯಲ್ಲಿ ಉಳಿದಿದ್ದ ಹಳೆಯ ಭಂಡಾರವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಅಟ್ಟದ ತೊಲೆಗೆ ಕಟ್ಟಿದ್ದರು. ಹೊಳೆಗೆ ಬಿಡಬೇಡಿ, ನೀರು ಕೆಡುತ್ತದೆ, ಮಣ್ಣಿಗೂ ಹಾಕಬೇಡಿ, ಕುರಿ ಮೇಯುತ್ತವೆ ಎಂದು ನೂತನ ಹೇಳಿದ್ದಳು. ದೇವರದಾಗಿದ್ದ ವಸ್ತು ಇಡಲೂ ಬಾರದ, ಬಿಡಲೂ ಬಾರದ ವಸ್ತುವಾಗಿ ನೆತ್ತಿಯ ಮೇಲೆ ತೂಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ವೃಷಾಲಿಯ ಹೊಟ್ಟೆನೋವು ನಿಂತಿತು. ಅಂಬಲಿ ಕುಡಿಯುತ್ತಿದ್ದಳು, ಅಂಗಳದಲ್ಲಿ ತಿರುಗಾಡುತ್ತಿದ್ದಳು, ಕುರಿಗಳ ಮುಂದೆ ಸುಮ್ಮನೆ ನಿಂತಿರುತ್ತಿದ್ದಳು. ಯಾವ ಕುರಿಯ ಹೆಸರೂ ಬಾಯಿಗೆ ಬರಲಿಲ್ಲ. ಅಪ್ಪು ಕೊಟ್ಟ ಬಟ್ಟೆಯಲ್ಲಿ ಮಂಗಲ ಅಂಗಿ ಹೊಲಿದು ತೊಡಿಸಿದ್ದಳು. ಬೋರಲು ಬಿದ್ದ ಒರಳನ್ನು ಎತ್ತಿ ತೊಳೆದಿದ್ದಳು. ದಿನವೂ ಮುಂಜಾನೆ ಕೂಸಿನ ಮುಂದೆ ಕುಳಿತು ಅವ್ವಾ ಅನ್ನು, ಅಜ್ಜಾ ಅನ್ನು ಎನ್ನುತ್ತಿದ್ದಳು. ಕೂಸು ಅವಳ ತುಟಿಗಳನ್ನೇ ನೋಡುತ್ತಿತ್ತು.

ಅಂದು ಮುಂಜಾನೆ ಸತ್ಯಪ್ಪ ಮಿಂದು ಬಂದು ಹೊಸ್ತಿಲ ಹತ್ತಿರ ಕುಳಿತಿದ್ದ. ಸೊಂಟದಲ್ಲಿ ಚೀಲವಿರಲಿಲ್ಲ. ನಾಗೂಬಾಯಿ ಒಲೆಗೆ ಕಟ್ಟಿಗೆ ಇಡುತ್ತಿದ್ದಳು, ಮಂಗಲ ಹಿಟ್ಟು ಕಲಸುತ್ತಿದ್ದಳು. ವೃಷಾಲಿ ಒಳಗಿನಿಂದ ನಡೆದು ಬಂದು ಅಜ್ಜನ ಮುಂದೆ ನಿಂತಳು. ಕಣ್ಣು ಮುಚ್ಚಿದಳು, ಮುಖ ಮೇಲೆತ್ತಿದಳು, ನಾಲಿಗೆ ಚಾಚಿದಳು. ಎಲ್ಲ ಮರೆತಿದ್ದ ಕೂಸು ಇದೊಂದನ್ನು ಮರೆತಿರಲಿಲ್ಲ. ಮಂಗಲಳ ಕೈ ಹಿಟ್ಟಿನಲ್ಲೇ ನಿಂತಿತು.

"ಇಲ್ಲವಾ ತಾಯಿ," ಎಂದ ಸತ್ಯಪ್ಪ. ಎರಡೂ ಅಂಗೈ ಬಿಚ್ಚಿ ತೋರಿಸಿದ. "ಇಲ್ಲ. ಮುಗೀತು."

ಕೂಸು ಕಣ್ಣು ತೆರೆದು ಆ ಖಾಲಿ ಕೈಗಳನ್ನು ನೋಡಿತು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದು, ಅಜ್ಜನಿಗೆ ಕಾಣಲಿಲ್ಲವೇನೋ ಎಂಬಂತೆ, ನಾಲಿಗೆಯನ್ನು ಇನ್ನಷ್ಟು ಚಾಚಿ ಕಾಯುತ್ತ ನಿಂತಿತು.